ಮೊದಲ ಭೇಟಿಯಲ್ಲಿ ವಕೀಲರು ನಿಮ್ಮನ್ನು ಏನು ಕೇಳಿದರು?

ಪ್ರಶ್ನೆ: ನನಗೆ 33 ವರ್ಷ. ಮದುವೆ ಮೈಸೂರಿನಲ್ಲಿ, ಹಿಂದೂ ಸಂಪ್ರದಾಯದಂತೆ ಆಯಿತು. ಸಂಸಾರ ಇದ್ದದ್ದು ಬೆಂಗಳೂರಿನಲ್ಲಿ. 14 ತಿಂಗಳಿಂದ ಆರು ವರ್ಷದ ಮಗಳ ಜೊತೆ ಮೈಸೂರಿನ ತವರಿನಲ್ಲಿದ್ದೇನೆ. ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಸಂಬಳ 18,000 ರೂಪಾಯಿ. ಕಳೆದ ವಾರ ಗಂಡನ ವಕೀಲರಿಂದ ನೋಟಿಸ್ ಬಂದಿದೆ. ನಾನು ಅವರಿಗೆ ಮಾನಸಿಕ ಹಿಂಸೆ ಕೊಟ್ಟಿದ್ದೇನಂತೆ. 15 ದಿನದೊಳಗೆ ಒಪ್ಪಿಗೆಯ ವಿಚ್ಛೇದನಕ್ಕೆ ಬರದಿದ್ದರೆ ಕೇಸು ಹಾಕುತ್ತಾರಂತೆ. ಮೂವರು ವಕೀಲರನ್ನು ನೋಡಿ ಬಂದೆ. ಒಬ್ಬರು ದೊಡ್ಡಪ್ಪನಿಗೆ ಪರಿಚಯದವರು, ಹೆಚ್ಚಾಗಿ ಜಮೀನು ಕೇಸು ನಡೆಸುವವರು. ಫೀಸು ಕೇಳಿದರೆ ‘ಆಮೇಲೆ ನೋಡೋಣ ಬಿಡಮ್ಮ’ ಎಂದರು. ಇನ್ನೊಬ್ಬರು ಆರು ತಿಂಗಳಲ್ಲಿ ಮುಗಿಸಿಕೊಡುವುದು ಗ್ಯಾರಂಟಿ, ಎಲ್ಲ ಸೇರಿ ಒಂದೇ ಪ್ಯಾಕೇಜ್ ಎಂದರು. ಮೂರನೆಯವರು ಈಗ ಒಂದು ರೂಪಾಯಿಯೂ ಬೇಡ, ಬರುವ ಜೀವನಾಂಶದಲ್ಲಿ ಶೇ 10 ಕೊಡಿ ಎಂದರು. ಯಾರನ್ನು ಆರಿಸಲಿ? ಒಮ್ಮೆ ಒಪ್ಪಿದ ಮೇಲೆ ಬದಲಾಯಿಸಬಹುದೇ?

ಉತ್ತರ: ಮೂರನೆಯವರನ್ನು ಪಟ್ಟಿಯಿಂದ ತೆಗೆದುಬಿಡಿ. ಎರಡನೆಯವರನ್ನೂ. ಮೊದಲನೆಯವರ ವಿಷಯವನ್ನು ಇನ್ನೊಂದು ಭೇಟಿಯ ನಂತರ ತೀರ್ಮಾನಿಸಿ.

ಬರುವ ಹಣದಲ್ಲಿ ಪಾಲು ಕೇಳುವುದು ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. ಫೀಸನ್ನು ಕೇಸಿನ ಫಲಿತಾಂಶಕ್ಕೆ ಗಂಟು ಹಾಕಬಾರದು, ಬಂದದ್ದರಲ್ಲಿ ಪಾಲು ಪಡೆಯಲೂಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಿಯಮಗಳೇ ಹೇಳುತ್ತವೆ. ಕೈಯಲ್ಲಿ ಹಣವಿಲ್ಲದಾಗ ಇಂಥ ಮಾತಿನ ಕಡೆ ಮನಸ್ಸು ವಾಲುವುದು ಸಹಜ. ಆದರೆ ಶೇ 10 ಸಿಗುವುದು ಒಂದೇ ಕಂತಿನಲ್ಲಿ ಬರುವ ದೊಡ್ಡ ಮೊತ್ತದಿಂದ. ಮಗಳು ಯಾರ ಬಳಿ ಇರಬೇಕು, ದಸರಾ ರಜೆಯಲ್ಲಿ ಎಲ್ಲಿರಬೇಕು, ಹತ್ತು ವರ್ಷದ ನಂತರ ಅವಳ ಕಾಲೇಜಿನ ಖರ್ಚು ಯಾರದು ಎಂಬುದರಲ್ಲಿ ವಕೀಲರಿಗೆ ಪಾಲಿಲ್ಲ. ರಾಜಿಯ ಮೇಜಿನಲ್ಲಿ ‘ಮಗುವಿನ ವಿಷಯ ಸ್ವಲ್ಪ ಸಡಿಲ ಬಿಡಿ, ಮೊತ್ತ ಏರುತ್ತದೆ’ ಎಂದು ಅವರು ಹೇಳಿದರೆ, ಆ ಸಲಹೆ ನಿಮ್ಮ ಹಿತಕ್ಕೋ ಅವರ ಶೇ 10ಕ್ಕೋ ಎಂದು ಗೊತ್ತಾಗುವುದು ಹೇಗೆ?

ಇನ್ನು ಗ್ಯಾರಂಟಿ. ಆರು ತಿಂಗಳು ಎಂಬ ಮಾತಿಗೆ ಸ್ವಲ್ಪವಾದರೂ ಆಧಾರ ಇರುವುದು ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ, ಅಂದರೆ 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಅಡಿಯಲ್ಲಿ. ಒಂದು ವರ್ಷ ಬೇರೆ ಬೇರೆ ಇದ್ದವರು ಜಂಟಿ ಅರ್ಜಿ ಹಾಕಬಹುದು. ಅದಾದ ಆರು ತಿಂಗಳ ನಂತರ, 18 ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ಒಪ್ಪಿಗೆ ಖಚಿತಪಡಿಸಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದಕ್ಕೆ ಅರ್ಜಿ ಹಾಕುವ ಮೊದಲೇ ಒಂದು ವರ್ಷದ ಜೊತೆಗೆ ಇನ್ನೂ ಆರು ತಿಂಗಳು ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿರಬೇಕು. ಇಷ್ಟಾದರೂ ತೀರ್ಮಾನ ನ್ಯಾಯಾಧೀಶರದು. ನೀವು ಬೇರೆ ಇರುವುದು 14 ತಿಂಗಳಿಂದ. ಒಪ್ಪಿಗೆಯ ಅರ್ಜಿಗೆ ಅದು ಸಾಕು, ಮನ್ನಾ ಕೇಳಲು ಇನ್ನೂ ನಾಲ್ಕು ತಿಂಗಳು ಕಡಿಮೆ. ಒಪ್ಪಿಗೆ ಇಲ್ಲದ ಕೇಸಿನಲ್ಲಂತೂ ಸಮನ್ಸ್ ಜಾರಿ, ಮಧ್ಯಸ್ಥಿಕೆ, ತಕರಾರು, ಸಾಕ್ಷ್ಯ, ಪಾಟೀಸವಾಲು, ವಾದ ಎಂಬ ಮೆಟ್ಟಿಲುಗಳಿವೆ. ಒಂದೊಂದಕ್ಕೂ ಹಲವು ತಾರೀಕು ಹಿಡಿಯುತ್ತದೆ. ಮದುವೆ ಸರಿಪಡಿಸಲಾಗದಂತೆ ಮುರಿದಿದೆ ಎಂಬ ಒಂದೇ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗಿದೆ ಎಂದು 2023ರಲ್ಲಿ ತೀರ್ಪು ಬಂದಿದೆ ನಿಜ. ಮೈಸೂರಿನ ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. ಈ ವ್ಯತ್ಯಾಸವನ್ನು ನಿಮಗೆ ಹೇಳದೆ ‘ಗ್ಯಾರಂಟಿ’ ಎಂದವರು ಒಂದೋ ನಿಮ್ಮ ಕಾಗದ ಓದಿಲ್ಲ, ಇಲ್ಲವೇ ಓದಿಯೂ ಹಾಗೆ ಹೇಳಿದ್ದಾರೆ.

ಉತ್ತರಕ್ಕಿಂತ ಪ್ರಶ್ನೆಯನ್ನು ಗಮನಿಸಿ

ವಕೀಲರನ್ನು ನೋಡಲು ಹೋದವರು ಸಾಮಾನ್ಯವಾಗಿ ‘ಗೆಲ್ಲುತ್ತೇವಾ?’ ಎಂದು ಕೇಳುತ್ತಾರೆ. ಹೌದು ಎನ್ನುವುದು ಯಾರಿಗೂ ಕಷ್ಟವಲ್ಲ. ಕೌಟುಂಬಿಕ ಕೇಸು ಬಲ್ಲವರ ಗುರುತು ಸಿಗುವುದು ಅವರು ನಿಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ. ನಿಮ್ಮ ಕೇಸಿನಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಬರಬೇಕಾದ ಕೆಲವು ಪ್ರಶ್ನೆಗಳಿವೆ.

ಒಂದು, ‘ಕೊನೆಯದಾಗಿ ಒಟ್ಟಿಗೆ ಇದ್ದದ್ದು ಎಲ್ಲಿ, ಈಗ ಎಲ್ಲಿದ್ದೀರಿ, ಮದುವೆ ಎಲ್ಲಾಯಿತು?’ ಕೇಸು ಎಲ್ಲಿ ನಡೆಯುತ್ತದೆ ಎಂಬುದು ಇದರ ಮೇಲೆ ನಿಂತಿದೆ. ಮದುವೆ ನಡೆದ ಊರು, ಎದುರುದಾರರು ಇರುವ ಊರು, ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಊರು, ಇವುಗಳಲ್ಲಿ ಯಾವ ಕಡೆಯಾದರೂ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ಅವಳು ಈಗ ವಾಸವಿರುವ ಊರಿನಲ್ಲೂ ಹಾಕಬಹುದು. ಇದು 2003ರ ತಿದ್ದುಪಡಿಯಿಂದ ಬಂದ ಅನುಕೂಲ. ನಿಮ್ಮ ಗಂಡ ಬೆಂಗಳೂರಿನಲ್ಲಿ ಮೊದಲು ವಿಚ್ಛೇದನದ ಅರ್ಜಿ ಹಾಕಿ, ನೀವು ನಂತರ ಮೈಸೂರಿನಲ್ಲಿ ಹಾಕಿದರೆ, ಎರಡನ್ನೂ ಒಟ್ಟಿಗೆ ಮೊದಲಿನ ನ್ಯಾಯಾಲಯದಲ್ಲೇ ವಿಚಾರಿಸುವುದು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 21ಎಯ ಸಾಮಾನ್ಯ ಕ್ರಮ. ಆಗ ಮೈಸೂರಿಗೆ ವರ್ಗಾಯಿಸಿ ಎಂದು ನೀವು ಹೈಕೋರ್ಟಿಗೆ ಹೋಗಬೇಕು. ಚಿಕ್ಕ ಮಗು, ಕಡಿಮೆ ಸಂಬಳ, 140 ಕಿಲೋಮೀಟರ್ ದೂರ ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಆದರೆ ಅದು ಬೇರೆಯೇ ಕೇಸು, ಬೇರೆಯೇ ಫೀಸು. ಯಾರು ಮೊದಲು ಎಲ್ಲಿ ಹಾಕುತ್ತಾರೆ ಎಂಬ ಲೆಕ್ಕವನ್ನು ನೋಟಿಸ್ ಕಂಡ ಕೂಡಲೇ ಹಾಕದ ವಕೀಲರು ನಿಮ್ಮನ್ನು ತಿಂಗಳಿಗೊಮ್ಮೆ ಬೆಂಗಳೂರಿನ ರೈಲು ಹತ್ತಿಸುತ್ತಾರೆ.

ಎರಡು, ‘ಬೇರೆ ಬಂದದ್ದು ಯಾವ ತಾರೀಕಿಗೆ? ಹೇಗೆ ಬಂದಿರಿ?’ ಪರಿತ್ಯಾಗದ ಆಧಾರದಲ್ಲಿ ವಿಚ್ಛೇದನ ಕೇಳಲು ಅರ್ಜಿಗೆ ಮುಂಚಿನ ಎರಡು ವರ್ಷ ಸತತವಾಗಿ ಬಿಟ್ಟಿರಬೇಕು. ನಿಮ್ಮದು 14 ತಿಂಗಳು. ಹಾಗಾಗಿ ಇವತ್ತಿಗೆ ಈ ಆಧಾರ ನಿಮಗೂ ಇಲ್ಲ, ಅವರಿಗೂ ಇಲ್ಲ. ಅವರ ನೋಟಿಸ್ ಹಿಂಸೆಯ ಮಾತನ್ನು ಹಿಡಿದಿರುವುದು ಇದಕ್ಕೇ ಇರಬಹುದು. ಇದೊಂದು ಒಳ್ಳೆಯ ಪರೀಕ್ಷೆ ಕೂಡ. ‘ಬಿಟ್ಟುಹೋಗಿದ್ದಾರೆ ಅಂತ ಈಗಲೇ ಹಾಕಿಬಿಡೋಣ’ ಎಂದು ಯಾರಾದರೂ ಹೇಳಿದರೆ ಅವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಮೂರು, ‘ಅವರ ಸಂಬಳ ಎಷ್ಟು? ನಿಮ್ಮ ಬಳಿ ಅದಕ್ಕೆ ಕಾಗದ ಏನಿದೆ?’ 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಿಗಬೇಕು ಎಂದೂ ಅದೇ ತೀರ್ಪು ಹೇಳಿದೆ. ಅಂದರೆ ಅರ್ಜಿ ಹಾಕಲು ಒಂದೊಂದು ತಿಂಗಳು ತಡಮಾಡಿದಂತೆ ಆ ತಿಂಗಳ ಹಣ ಹೋದಂತೆಯೇ. ಗಂಡ ಕೇಸು ಹಾಕಿ ನೀವು ಬರೀ ತಕರಾರು ಸಲ್ಲಿಸಿದರೆ ಸಾಲದು. ಅದೇ ಕೇಸಿನಲ್ಲಿ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರ ಅಡಿ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಕೇಳುವ ಅರ್ಜಿಯೂ ಹೋಗಬೇಕು. ಈ ಅರ್ಜಿಯ ನೋಟಿಸ್ ಎದುರಿನವರಿಗೆ ಜಾರಿಯಾದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇದನ್ನು ತೀರ್ಮಾನಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ನಡೆಯುವುದು ಅಷ್ಟು ಬೇಗವಲ್ಲ, ಆದರೆ ಹಾಕದೇ ಹೋದರೆ ಗಡಿಯಾರವೇ ಶುರುವಾಗುವುದಿಲ್ಲ. ನಿಮಗೆ ಸಂಬಳ ಇದೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ಸಿಗುವುದಿಲ್ಲ ಎಂದೇನೂ ಇಲ್ಲ. ಮಗಳ ಪಾಲಂತೂ ಬೇರೆಯೇ ಲೆಕ್ಕ.

ನಾಲ್ಕು, ಮಗಳ ಬಗ್ಗೆ: ಯಾವ ಶಾಲೆ, ಫೀಸು ಯಾರು ಕಟ್ಟುತ್ತಾರೆ, ತಂದೆ ನೋಡಲು ಬರುತ್ತಾರಾ, ಫೋನು ಮಾಡುತ್ತಾರಾ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂಬ ಕಾನೂನಿನ ಆಸರೆ ನಿಮ್ಮ ಮಗಳಿಗೆ ಈಗ ದಾಟಿಹೋಗಿದೆ. ಇನ್ನು ನೋಡುವುದು ಮಗುವಿನ ಹಿತ ಒಂದನ್ನೇ. ಪೋಷಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿ ನಡೆಯಬೇಕಾದದ್ದು, ಆದ್ದರಿಂದ ಮೈಸೂರಿನ ಶಾಲೆಯ ದಾಖಲಾತಿ ಇಲ್ಲಿ ಬೆಲೆಯುಳ್ಳ ಕಾಗದ. ತಂದೆಗೆ ಮಗು ತೋರಿಸದೇ ಇಡಿ ಎಂದು ಸಲಹೆ ಕೊಡುವ ವಕೀಲರನ್ನು ನಂಬಬೇಡಿ. ನಾಳೆ ಕಟಕಟೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ನೀವು.

ಐದನೆಯದನ್ನು ಕೆಲವರು ಮುಜುಗರಕ್ಕೆ ಕೇಳುವುದಿಲ್ಲ: ‘ನಿಮ್ಮ ಮೇಲೆ ಅವರು ಏನೇನು ಹೇಳಬಹುದು? ಅದರಲ್ಲಿ ನಿಜ ಎಷ್ಟು?’ ಕೇಳಿದರೆ ಮರೆಮಾಚದೆ ಹೇಳಿ. ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳದಂತೆ ಸಾಕ್ಷ್ಯ ಕಾನೂನೇ ವಕೀಲರನ್ನು ಕಟ್ಟಿಹಾಕಿದೆ. ಮೊಬೈಲ್ ಮೆಸೇಜು, ರೆಕಾರ್ಡಿಂಗ್ ಇದ್ದರೆ ಮೂಲ ಫೋನಿನಲ್ಲೇ ಉಳಿಸಿ; ಬರೀ ಸ್ಕ್ರೀನ್‌ಶಾಟ್ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ, ಅಂದರೆ ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ, ಜೊತೆಗಿರಬೇಕು. ಆ ಪ್ರಮಾಣಪತ್ರದ ಹೆಸರೇ ಎತ್ತದವರು ಇತ್ತೀಚೆಗೆ ಸಾಕ್ಷ್ಯ ಮಾಡಿಸಿದ್ದು ಅನುಮಾನ.

ಭೇಟಿಗೆ ಹೋಗುವಾಗ

ಒಂದೇ ಹಾಳೆಯಲ್ಲಿ ತಾರೀಕುಗಳ ಪಟ್ಟಿ ಬರೆದುಕೊಳ್ಳಿ: ನಿಶ್ಚಿತಾರ್ಥ, ಮದುವೆ, ಮನೆ ಬದಲಾಯಿಸಿದ್ದು, ಮಗು ಹುಟ್ಟಿದ್ದು, ಹಿರಿಯರು ಕೂತು ಮಾತಾಡಿದ್ದು, ಆಸ್ಪತ್ರೆ ಅಥವಾ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ್ದು, ಮನೆ ಬಿಟ್ಟದ್ದು. ಕಥೆ ಬೇಡ, ತಾರೀಕು ಮತ್ತು ಒಂದು ಸಾಲು ಸಾಕು. ಜೊತೆಗೆ ಲಗ್ನಪತ್ರಿಕೆ, ಮದುವೆಯ ಒಂದೆರಡು ಫೋಟೋ, ನೋಂದಣಿ ಆಗಿದ್ದರೆ ಅದರ ಪ್ರತಿ, ಮಗಳ ಜನನ ಪ್ರಮಾಣಪತ್ರ, ಶಾಲೆಯ ಫೀಸಿನ ರಸೀದಿಗಳು, ನಿಮ್ಮ ಮೂರು ತಿಂಗಳ ಸಂಬಳ ಚೀಟಿ, ಬ್ಯಾಂಕಿನ ವಿವರ, ಒಡವೆಗಳ ಪಟ್ಟಿ ಮತ್ತು ಇದ್ದಷ್ಟು ಬಿಲ್ಲು ತೆಗೆದುಕೊಂಡು ಹೋಗಿ. ನೋಟಿಸ್ ಬಂದ ಲಕೋಟೆಯನ್ನೂ ಎಸೆಯಬೇಡಿ. ಅಂಚೆಯ ಮೊಹರು ಬೇಕಾಗುತ್ತದೆ.

ಎಲ್ಲವೂ ಜೆರಾಕ್ಸ್ ಪ್ರತಿ. ಅಸಲು ಕೊಡಬೇಕಾಗುವುದು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ. ಅದಕ್ಕೆ ಮುಂಚೆ ಕೊಟ್ಟರೆ ಯಾವ ಯಾವ ಕಾಗದ ಎಂದು ಬರೆದು ಸಹಿ ಹಾಕಿಸಿಕೊಳ್ಳಿ. ಕೇಸು ಚೆನ್ನಾಗಿದ್ದೂ ಅಸಲು ಕಾಗದ ಯಾರ ಆಫೀಸಿನ ಯಾವ ಕಟ್ಟಿನಲ್ಲಿದೆ ಎಂದು ಹುಡುಕುತ್ತಾ ತಾರೀಕು ಕಳೆಯುವುದು ಅಪರೂಪವೇನಲ್ಲ.

ದೊಡ್ಡಪ್ಪ ಜೊತೆಗೆ ಬಂದರೆ ಬರಲಿ, ಆದರೆ ಹತ್ತು ನಿಮಿಷವಾದರೂ ನೀವೊಬ್ಬರೇ ಮಾತಾಡಿ. ಹಿರಿಯರ ಮುಂದೆ ಹೇಳಲಾಗದ್ದೇ ಎಷ್ಟೋ ಸಲ ಕೇಸಿನ ತಿರುಳಾಗಿರುತ್ತದೆ. ನಿಮ್ಮ ಪ್ರಶ್ನೆಗೆ ದೊಡ್ಡಪ್ಪನ ಮುಖ ನೋಡಿ ಉತ್ತರಿಸುವ ವಕೀಲರು ಮುಂದೆಯೂ ಹಾಗೆಯೇ ಮಾಡುತ್ತಾರೆ.

ಹೆಸರು ಹುಡುಕುವುದು ಎಲ್ಲಿ

‘ವಿಚ್ಛೇದನ ತಜ್ಞ’ ಎಂಬ ಅಧಿಕೃತ ಪದವಿ ನಮ್ಮಲ್ಲಿಲ್ಲ. ವಕೀಲರು ಜಾಹೀರಾತು ಕೊಡುವಂತೆಯೂ ಇಲ್ಲ. ಆದ್ದರಿಂದ ಇಂಟರ್‌ನೆಟ್ಟಿನಲ್ಲಿ ಕಾಣುವ ‘ಊರಿನ ಹತ್ತು ಅತ್ಯುತ್ತಮ ವಕೀಲರು’ ಎಂಬ ಪಟ್ಟಿಗಳಿಗೆ ಬೆಲೆ ಕೊಡಬೇಡಿ. ಜಿಲ್ಲಾ ಊರುಗಳಲ್ಲಿ ಒಬ್ಬರೇ ವಕೀಲರು ಜಮೀನು, ಚೆಕ್ ಬೌನ್ಸ್, ಕೌಟುಂಬಿಕ ಎಲ್ಲವನ್ನೂ ನಡೆಸುತ್ತಾರೆ. ಅದು ದೋಷವಲ್ಲ. ಕೇಳಬೇಕಾದ್ದು ಇಷ್ಟು: ಈಗ ಕೌಟುಂಬಿಕ ನ್ಯಾಯಾಲಯದಲ್ಲಿ ನಿಮ್ಮ ಎಷ್ಟು ಎಂ.ಸಿ. (ವೈವಾಹಿಕ) ಕೇಸು ನಡೆಯುತ್ತಿವೆ? ಕಳೆದ ಎರಡು ವರ್ಷದಲ್ಲಿ ಎಷ್ಟರಲ್ಲಿ ಪಾಟೀಸವಾಲು ನೀವೇ ಮಾಡಿದ್ದೀರಿ? ಜಮೀನು ಕೇಸಿನ ಪಾಟೀಸವಾಲು ಕಾಗದದ ಸುತ್ತ ತಿರುಗುತ್ತದೆ. ಇಲ್ಲಿ ಮಲಗುವ ಕೋಣೆಯಿಂದ ಅಡುಗೆಮನೆವರೆಗೆ ಪ್ರಶ್ನೆ ಬರುತ್ತವೆ. ಅದಕ್ಕೆ ನಿಮ್ಮನ್ನು ಸಿದ್ಧಪಡಿಸುವುದು ಬೇರೆಯೇ ಕಸುಬು.

ಹೆಸರು ಸಿಕ್ಕ ಮೇಲೆ ಅವರ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕದ ವಕೀಲರಿಗೆ ಅದು ಕೆಎಆರ್ ಎಂಬ ಅಕ್ಷರಗಳಿಂದ ಶುರುವಾಗಿ ವರ್ಷದಲ್ಲಿ ಮುಗಿಯುತ್ತದೆ. ಅನುಮಾನವಿದ್ದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಖಚಿತಪಡಿಸಿಕೊಳ್ಳಬಹುದು. ನ್ಯಾಯಾಲಯಗಳ ಕೇಸುಗಳ ಮಾಹಿತಿ ಕೊಡುವ ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಹುಡುಕಿದರೆ ಅವರು ಯಾವ ನ್ಯಾಯಾಲಯಗಳಲ್ಲಿ ಓಡಾಡುತ್ತಾರೆ ಎಂಬ ಅಂದಾಜು ಸಿಗುತ್ತದೆ. ಬೆಳಿಗ್ಗೆ 11ರ ಹೊತ್ತಿಗೆ ಕೌಟುಂಬಿಕ ನ್ಯಾಯಾಲಯದ ವರಾಂಡದಲ್ಲಿ ಒಂದು ದಿನ ಕೂತು ನೋಡುವುದು ಇದಕ್ಕಿಂತ ಒಳ್ಳೆಯದು. ಕೇಸು ಕೂಗಿದಾಗ ಯಾರ ಕಕ್ಷಿದಾರರು ಒಬ್ಬಂಟಿಯಾಗಿ ಓಡುತ್ತಾರೆ, ಯಾರ ವಕೀಲರು ಮೊದಲೇ ಬಂದು ನಿಂತಿರುತ್ತಾರೆ ಎಂದು ಕಾಣುತ್ತದೆ. ನಿಮ್ಮ ಗಂಡ ಈ ವಕೀಲರನ್ನು ಮೊದಲೇ ಕಂಡಿದ್ದರೇ ಎಂದೂ ಕೇಳಿಬಿಡಿ; ಒಂದೇ ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟವರು ಎದುರಿನವರ ಪರ ನಿಲ್ಲುವಂತಿಲ್ಲ.

ನೀವು ಕೇಳದೇ ಬಿಟ್ಟ ಒಂದು ದಾರಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ, ಆದಾಯ ಎಷ್ಟೇ ಇರಲಿ. ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಪ್ರಾಧಿಕಾರ ನೇಮಿಸಿದ ವಕೀಲರಿಗೆ ನೀವು ಕೈಯಿಂದ ಏನೂ ಕೊಡಬೇಕಿಲ್ಲ. ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ತಿಳಿಸಿ. ಉಚಿತ ವಕೀಲರೆಂದರೆ ಕಳಪೆ ಎಂಬ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಮೇಲಿನ ಐದು ಪ್ರಶ್ನೆಗಳ ಪರೀಕ್ಷೆ ಅವರಿಗೂ ಒಂದೇ. ಹೊಂದದಿದ್ದರೆ ಬೇರೆಯವರನ್ನು ಕೊಡಿ ಎಂದು ಕೇಳಬಹುದು.

ಫೀಸು

‘ಆಮೇಲೆ ನೋಡೋಣ’ ಎಂಬುದು ಮೂರರಲ್ಲಿ ಅತ್ಯಂತ ಸೌಜನ್ಯದ ಮಾತು. ಜಗಳ ಹುಟ್ಟುವುದೂ ಅದರಿಂದಲೇ. ದೊಡ್ಡಪ್ಪನ ಸ್ನೇಹಿತರು ಎಂದು ನೀವು ಕೇಳುವುದಿಲ್ಲ, ಸ್ನೇಹಿತನ ಮನೆಯ ಮಗಳು ಎಂದು ಅವರು ಹೇಳುವುದಿಲ್ಲ. ವರ್ಷದ ನಂತರ ಒಂದು ಮೊತ್ತ ಬಾಯಿಗೆ ಬಂದಾಗ ಕೇಸಿನ ಜೊತೆ ಸ್ನೇಹವೂ ಕೆಡುತ್ತದೆ.

ಫೀಸಿನಲ್ಲಿ ಮುಖ್ಯವಾಗಿ ಮೂರು ಬಗೆ. ಇಡೀ ಕೇಸಿಗೆ ಒಂದು ಮೊತ್ತ; ಹಂತ ಹಂತವಾಗಿ; ತಾರೀಕಿಗೆ ಇಷ್ಟು ಎಂದು. ತಾರೀಕಿನ ಲೆಕ್ಕ ಮೊದಲು ಹಗುರವಾಗಿ ಕಾಣುತ್ತದೆ. ತಾರೀಕಿಗೆ 3,000 ಎಂದು ಒಪ್ಪಿ, ತಿಂಗಳಿಗೊಂದು ತಾರೀಕಿನಂತೆ ಕೇಸು ಮೂರು ವರ್ಷ ನಡೆದರೆ 1,08,000 ಆಯಿತು. ಅದರಲ್ಲಿ ನ್ಯಾಯಾಧೀಶರು ರಜೆಯಿದ್ದ, ಎದುರು ವಕೀಲರು ಸಮಯ ಕೇಳಿದ, ಏನೂ ನಡೆಯದ ದಿನಗಳೂ ಸೇರಿರುತ್ತವೆ. ಒಂದೇ ಮೊತ್ತದಲ್ಲಿ ಇದಕ್ಕೆ ವಿರುದ್ಧವಾದ ಅಪಾಯ: ಮುಂಗಡವೇ ಪೂರ್ತಿ ಹೋದರೆ ಎರಡನೇ ವರ್ಷ ನಿಮ್ಮ ಕಟ್ಟು ಕಪಾಟಿನ ತಳಕ್ಕೆ ಇಳಿಯಬಹುದು. ನಮ್ಮ ಶಿಫಾರಸು ಹಂತದ ಲೆಕ್ಕಕ್ಕೇ. ನೋಟಿಸ್‌ಗೆ ಉತ್ತರ, ಅರ್ಜಿ ಅಥವಾ ತಕರಾರು ಬರೆದು ಸಲ್ಲಿಸುವುದು, ಮಧ್ಯಂತರ ಅರ್ಜಿಗಳು, ಮಧ್ಯಸ್ಥಿಕೆ, ನಿಮ್ಮ ಸಾಕ್ಷ್ಯ, ಅವರ ಪಾಟೀಸವಾಲು, ಅಂತಿಮ ವಾದ, ತೀರ್ಪಿನ ದೃಢೀಕೃತ ನಕಲು. ಒಂದೊಂದು ಮುಗಿದಂತೆ ಒಂದೊಂದು ಕಂತು.

ಇದನ್ನೆಲ್ಲ ದೊಡ್ಡ ಕರಾರು ಮಾಡಬೇಕಿಲ್ಲ. ಒಂದು ಪುಟದ ಪತ್ರ, ಅದೂ ಕಷ್ಟವಾದರೆ ಒಪ್ಪಿದ ಮಾತನ್ನು ನೀವೇ ವಾಟ್ಸಾಪಿನಲ್ಲಿ ಬರೆದು ಕಳಿಸಿ ‘ಸರಿ’ ಎಂಬ ಉತ್ತರ ಪಡೆದರೂ ಆದೀತು. ಅದರಲ್ಲಿ ಇರಬೇಕಾದವು: ಯಾವ ಯಾವ ಕೇಸು ಸೇರಿದೆ, ಯಾವುದು ಇಲ್ಲ, ಟೈಪಿಂಗ್, ಜೆರಾಕ್ಸ್, ಪ್ರೊಸೆಸ್ (ಸಮನ್ಸ್, ನೋಟಿಸ್ ಜಾರಿ ಶುಲ್ಕ), ನೋಟರಿ ಖರ್ಚು ಯಾರದು, ಸಾಕ್ಷ್ಯ ಮತ್ತು ಪಾಟೀಸವಾಲಿಗೆ ಯಾರು ನಿಲ್ಲುತ್ತಾರೆ. ಕೊನೆಯದು ಮುಖ್ಯ. ಸಾಮಾನ್ಯ ತಾರೀಕಿಗೆ ಜೂನಿಯರ್ ಬಂದರೆ ತಪ್ಪೇನಿಲ್ಲ, ಪಾಟೀಸವಾಲಿನ ದಿನ ಹಿಂದಿನ ರಾತ್ರಿ ಕಟ್ಟು ಕೈಗೆ ಸಿಕ್ಕ ಜೂನಿಯರ್ ಬಂದರೆ ಕೇಸೇ ಹೋಗಬಹುದು. ಪ್ಯಾಕೇಜಿನವರು ಹೇಳದೇ ಬಿಡುವುದು ಸಾಮಾನ್ಯವಾಗಿ ಹೈಕೋರ್ಟ್. ಮೈಸೂರಿನ ತೀರ್ಪಿನ ಮೇಲ್ಮನವಿ ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತದೆ. ಅದರ ಫೀಸು ಯಾವಾಗಲೂ ಬೇರೆ. ಮೇಲ್ಮನವಿಯ ಅವಧಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ 30 ದಿನ, ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ ಎಂದಿದೆ. ವಾದಕ್ಕೆ ಎಡೆ ಕೊಡದೆ 30 ಎಂದೇ ಲೆಕ್ಕ ಹಾಕಿ.

ಕೊಟ್ಟ ಪ್ರತಿ ರೂಪಾಯಿಗೂ ರಸೀದಿ, ಇಲ್ಲವೇ ಬ್ಯಾಂಕ್ ಮೂಲಕ ಪಾವತಿ. ‘ಒಳಗೆ ಕೊಡಬೇಕು’ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೆ ಆ ಸಂಬಂಧ ಮುಗಿಸಿ.

ವಕಾಲತ್ತಿಗೆ ಸಹಿ ಹಾಕುವ ಮುನ್ನ

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 13ರಂತೆ ಅಲ್ಲಿ ವಕೀಲರ ಮೂಲಕ ಹಾಜರಾಗುವುದು ಹಕ್ಕಲ್ಲ, ನ್ಯಾಯಾಲಯದ ಅನುಮತಿಯಿಂದ ಆಗುವಂಥದ್ದು. ವಾಸ್ತವದಲ್ಲಿ ಅನುಮತಿ ಸಿಗುತ್ತದೆ. ಆದರೂ ನ್ಯಾಯಾಧೀಶರು ಮತ್ತು ಆಪ್ತಸಮಾಲೋಚಕರು ನೇರವಾಗಿ ನಿಮ್ಮನ್ನೇ ಮಾತಾಡಿಸುತ್ತಾರೆ. ಮಧ್ಯಸ್ಥಿಕೆಯಲ್ಲೂ ಅಷ್ಟೇ. ‘ನೀವು ಬಾಯಿ ಬಿಡಬೇಡಿ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ’ ಎನ್ನುವವರಿಗಿಂತ ಕೂರಿಸಿಕೊಂಡು ಹೇಳಿಕೊಡುವವರು ಇಲ್ಲಿ ಬೇಕು.

ಖಾಲಿ ಬಿಳಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಬೇಡ. ವಕಾಲತ್ತುನಾಮೆಯಲ್ಲಿ ಪಕ್ಷಗಾರರ ಹೆಸರು, ನ್ಯಾಯಾಲಯದ ಹೆಸರು ತುಂಬಿಸಿಯೇ ಸಹಿ ಹಾಕಿ. ಅಚ್ಚಾದ ಸಾಲುಗಳಲ್ಲಿ ರಾಜಿ ಮಾಡಿಕೊಳ್ಳುವ ಅಧಿಕಾರ ಎಂದಿದ್ದರೆ ಓದಿ, ಬೇಡವಾದರೆ ಹೊಡೆದುಹಾಕಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸಿ ಹೇಳಿದ ಮೇಲೆಯೇ ಸಹಿ. ನೀವು ಹೇಳದ ಒಂದು ವಾಕ್ಯ ಅದರಲ್ಲಿ ಸೇರಿಕೊಂಡಿದ್ದರೆ, ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ‘ಇದು ನಿಜವೇ?’ ಎಂದು ಕೇಳುವುದು ಅದೇ ವಾಕ್ಯವನ್ನು.

ಈ ಕಾರಣಕ್ಕೇ ಇನ್ನೊಂದು ಎಚ್ಚರಿಕೆ. ‘ವರದಕ್ಷಿಣೆ, ಕೌಟುಂಬಿಕ ದೌರ್ಜನ್ಯ, ಜೀವನಾಂಶ ಎಲ್ಲ ಒಟ್ಟಿಗೆ ಹಾಕೋಣ, ಒತ್ತಡ ಬರಲಿ’ ಎಂಬ ಸಲಹೆ ಬರಬಹುದು. ಹಿಂಸೆ ನಡೆದಿದ್ದರೆ ಒಂದು ದಿನವೂ ಕಾಯಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನೀವಿರುವ ಊರಿನಲ್ಲೇ ರಕ್ಷಣೆ ಕೇಳಬಹುದು. ನಡೆಯದ್ದನ್ನು ಒತ್ತಡಕ್ಕಾಗಿ ಬರೆಯಬೇಡಿ. ಗಂಡ ಮತ್ತು ಅವನ ಮನೆಯವರು ಕೊಡುವ ಹಿಂಸೆಯನ್ನು ಅಪರಾಧವೆನ್ನುವ ಹಳೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85, ಇಬ್ಬರೂ ರಾಜಿಯಾದ ಮಾತ್ರಕ್ಕೆ ವಾಪಸಾಗುವ ಕೇಸಲ್ಲ. ರದ್ದುಪಡಿಸಲು ಹೈಕೋರ್ಟಿಗೇ ಹೋಗಬೇಕು.

ಒಪ್ಪಿಗೆಗೆ ಬಂದರೆ

ನೋಟಿಸಿನ ಸ್ವರ ನೋಡಿದರೆ ಅವರಿಗೆ ಬೇಕಾದ್ದು ಒಪ್ಪಿಗೆಯ ವಿಚ್ಛೇದನ. ನಿಮಗೂ ಅದೇ ಬೇಕಾದರೂ ‘ನಮ್ಮ ವಕೀಲರೇ ಇಬ್ಬರಿಗೂ ಮಾಡಿಕೊಡುತ್ತಾರೆ’ ಎಂಬ ಮಾತಿಗೆ ಒಪ್ಪಬೇಡಿ. ಷರತ್ತುಗಳನ್ನು ನಿಮ್ಮ ಪರ ಓದುವ ಒಬ್ಬರು ಬೇಕು. ಎರಡನೇ ಹಂತ ಮುಗಿದು ತೀರ್ಪು ಬರುವವರೆಗೂ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಹಾಗಾಗಿ ಹಣದ ಕಂತನ್ನು ಹಂತಗಳಿಗೆ ಕಟ್ಟುವುದು ರೂಢಿ: ಮೊದಲ ಹೇಳಿಕೆಯ ದಿನ ಒಂದು ಪಾಲು, ಅಂತಿಮ ಹೇಳಿಕೆಯ ದಿನ ನ್ಯಾಯಾಲಯದಲ್ಲೇ ಡಿಡಿ ಮೂಲಕ ಉಳಿದದ್ದು. ಮಗಳ ವಿಷಯದಲ್ಲಿ ‘ಭೇಟಿಗೆ ಅವಕಾಶ’ ಎಂಬ ಎರಡು ಪದ ಸಾಲದು. ಯಾವ ವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಎಲ್ಲಿ, ರಜೆಯಲ್ಲಿ ಎಷ್ಟು ದಿನ, ಪಾಸ್‌ಪೋರ್ಟ್ ಯಾರ ಬಳಿ, ಶಾಲೆಯ ಫೀಸು ವರ್ಷಕ್ಕೆ ಎಷ್ಟು ಏರುತ್ತದೆ ಎಂದು ಬರೆಸಿ.

ವಕೀಲರನ್ನು ಬದಲಾಯಿಸುವುದು

ಖಂಡಿತ ಬದಲಾಯಿಸಬಹುದು. ರೂಢಿಯ ಕ್ರಮ: ಬಾಕಿ ಫೀಸು ತೀರಿಸಿ, ಹೊಸ ವಕಾಲತ್ತಿಗೆ ಹಳೆಯ ವಕೀಲರ ‘ಆಕ್ಷೇಪಣೆ ಇಲ್ಲ’ ಎಂಬ ಸಹಿ ಪಡೆಯುವುದು. ಅವರು ಸಹಿ ಕೊಡದಿದ್ದರೆ ನ್ಯಾಯಾಲಯಕ್ಕೇ ಅರ್ಜಿ ಹಾಕಿ ಹಳೆಯ ವಕಾಲತ್ತು ರದ್ದುಪಡಿಸಲು ಅನುಮತಿ ಕೇಳಬಹುದು. ಫೀಸು ಬಾಕಿಯಿದೆ ಎಂದು ಕಟ್ಟು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ದೂರು ಕೊಡಬೇಕಾದರೆ ಜಾಗ ರಾಜ್ಯ ವಕೀಲರ ಪರಿಷತ್ತು. ಗ್ರಾಹಕರ ವೇದಿಕೆಗೆ ಹೋಗುವಂತಿಲ್ಲ ಎಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ.

ಬದಲಾಯಿಸುವ ಹೊತ್ತು ಮಾತ್ರ ನೋಡಿಕೊಳ್ಳಿ. ಪಾಟೀಸವಾಲು ಅರ್ಧಕ್ಕೆ ನಿಂತಾಗ, ವಾದಕ್ಕೆ ದಿನ ಗೊತ್ತಾದ ಮೇಲೆ ಬೇಡ. ಫೋನು ಎತ್ತುವುದಿಲ್ಲ ಎಂಬುದೊಂದೇ ಕಾರಣವಾದರೆ ಮೊದಲು ಕೇಸಿನ ಸ್ಥಿತಿ ನೋಡಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಹಿಂದಿನ ತಾರೀಕಿಗೆ ಏನಾಯಿತು, ಮುಂದಿನದು ಯಾವಾಗ ಎಂದು ಕಾಣುತ್ತದೆ. ತಾರೀಕುಗಳು ಸರಿಯಾಗಿ ನಡೆಯುತ್ತಿದ್ದರೆ ಅದು ಫೋನಿನ ದೂರು ಅಷ್ಟೇ. ‘ಸಮಯ ಕೋರಿದರು’ ಎಂದು ನಿಮ್ಮ ಕಡೆಯಿಂದಲೇ ಮೂರು ನಾಲ್ಕು ಸಲ ಬಂದಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಈ ವಾರದ ಕೆಲಸ: 15 ದಿನ ಎಂಬುದು ಅವರ ವಕೀಲರು ಹಾಕಿದ ಗಡುವು, ಕಾನೂನಿನದಲ್ಲ. ಆದರೂ ಹಿಂಸೆಯ ಆರೋಪಕ್ಕೆ ಉತ್ತರ ಕೊಡದೆ ಬಿಟ್ಟರೆ ಮುಂದೆ ಅದನ್ನೇ ಎತ್ತಿ ತೋರಿಸುತ್ತಾರೆ. ಪರಿಚಯದ ವಕೀಲರನ್ನು ಇನ್ನೊಮ್ಮೆ ಕಂಡು ಮೇಲಿನ ಪ್ರಶ್ನೆಗಳು ಬರುತ್ತವೆಯೇ ನೋಡಿ, ಕಾನೂನು ಸೇವಾ ಪ್ರಾಧಿಕಾರಕ್ಕೂ ಒಮ್ಮೆ ಹೋಗಿ ಬನ್ನಿ. ಇಬ್ಬರಲ್ಲಿ ಒಬ್ಬರಿಂದ ಹತ್ತು ಹನ್ನೆರಡು ಸಾಲಿನ ಉತ್ತರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅದರಲ್ಲಿ ಆರೋಪಗಳ ನಿರಾಕರಣೆ, ಮಗಳೊಂದಿಗೆ ಮೈಸೂರಿನಲ್ಲಿದ್ದೀರಿ ಎಂಬುದು, ಅವರು ಖರ್ಚಿಗೆ ಏನೂ ಕಳಿಸುತ್ತಿಲ್ಲವಾದರೆ ಆ ಸಂಗತಿ ಇಷ್ಟಿದ್ದರೆ ಸಾಕು. ಉಳಿದ ಕಥೆ ಅರ್ಜಿಗೆ ಇರಲಿ. ನ್ಯಾಯಾಲಯದ ಸಮನ್ಸ್ ಬಂದರೆ ಮಾತ್ರ ಅದರಲ್ಲಿ ಬರೆದ ದಿನವೇ ಹಾಜರಾಗಬೇಕು. ಹೋಗದಿದ್ದರೆ ಕೇಸು ಏಕಪಕ್ಷೀಯವಾಗಿ ಮುಗಿದುಹೋಗಬಹುದು, ಆ ಡಿಕ್ರಿ ತೆಗೆಸಲು ಇರುವ ಸಮಯ 30 ದಿನ. ವಕೀಲರು ಇನ್ನೂ ಗೊತ್ತಾಗದಿದ್ದರೂ ಆ ದಿನ ನೀವೇ ಹೋಗಿ ನಿಂತು, ವಕೀಲರನ್ನು ನೇಮಿಸಿಕೊಳ್ಳಲು ಸಮಯ ಬೇಕು ಎಂದು ಕನ್ನಡದಲ್ಲೇ ಕೇಳಿ.